ಎತ್ತರಿಸಿದ ಹಳೆಯ ಟ್ರಕ್ಕಿಗೆ ಬೇರೆ ಆಕ್ಸಲ್: ವೆಲ್ಡಿಂಗ್‌ಗೆ ಮುನ್ನ ಕೋನ ಅಳೆಯಲಿ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಟ್ರಕ್ಕುಗಳನ್ನು ಉಳಿಸಿಕೊಂಡು ಓಡಿಸುವವರ ಬಗ್ಗೆ ಪತ್ರಿಕೆಗಳ ವಾಹನ ಪುಟಗಳಲ್ಲಿ ಆಗಾಗ ಲೇಖನಗಳು ಬರುತ್ತವೆ. ಎಂಜಿನ್ ಯಾವುದು, ಬಣ್ಣ ಯಾವುದು, ಟೈರು ಎಷ್ಟು ಇಂಚಿನದು, ವಾಹನವನ್ನು ಎಷ್ಟು ಎತ್ತರಿಸಲಾಗಿದೆ ಎಂಬ ವಿವರಗಳೆಲ್ಲ ಅವುಗಳಲ್ಲಿರುತ್ತವೆ. ಹಿಂಬದಿಗೆ ಬೇರೊಂದು ವಾಹನದ ಆಕ್ಸಲ್ ಕೂರಿಸಿದ್ದರೆ ಅದಕ್ಕೆ ಸಿಗುವುದು ಒಂದೇ ಒಂದು ಸಾಲು. ಆ ಟ್ರಕ್ಕು ಹೆದ್ದಾರಿಯಲ್ಲಿ ಅದುರದೆ ಓಡುತ್ತದೆಯೇ, ಬ್ರೇಕ್ ಒತ್ತಿದಾಗ ನೆಟ್ಟಗೆ ನಿಲ್ಲುತ್ತದೆಯೇ ಎಂಬುದನ್ನು ನಿರ್ಧರಿಸುವ ಕೆಲಸವೆಲ್ಲ ಆ ಒಂದು ಸಾಲಿನಲ್ಲೇ ಅಡಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ನಾನು ಹೇಳಬೇಕಾದುದು ಮುಖ್ಯವಾಗಿ ಇಷ್ಟು: ಹೊಸದಾಗಿ ಕೂರಿಸುವ ಆಕ್ಸಲ್‌ನ ಸ್ಪ್ರಿಂಗ್ ಸೀಟುಗಳನ್ನು (ಸ್ಪ್ರಿಂಗು ಕೂರುವ ಆಸರೆಗಳನ್ನು) ಪೂರ್ತಿ ವೆಲ್ಡ್ ಮಾಡುವ ಮೊದಲು ಟ್ರಕ್ಕು ತನ್ನ ಸಂಪೂರ್ಣ ಭಾರದೊಂದಿಗೆ ನಾಲ್ಕೂ ಚಕ್ರಗಳ ಮೇಲೆ ನಿಂತಿರಬೇಕು, ಆ ಸ್ಥಿತಿಯಲ್ಲಿಯೇ ಎಂಜಿನ್ ಕಡೆಯಿಂದ ಆಕ್ಸಲ್‌ಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟು ಮತ್ತು ಅದು ಆಕ್ಸಲ್ ಒಳಗೆ ತಿರುಗಿಸುವ ಚಿಕ್ಕ ಗೇರಾದ ಪಿನಿಯನ್, ಇವೆರಡರ ಕೋನಗಳನ್ನು ಅಳೆಯಬೇಕು, ಮತ್ತು ಆ ಅಳತೆಗಳು ಬರಹದಲ್ಲಿ ಮಾಲೀಕರ ಕೈ ಸೇರಬೇಕು.

ಆಕ್ಸಲ್ ಬದಲಿಸುವ ಅಗತ್ಯ ಏಕೆ ಬರುತ್ತದೆ ಎಂಬುದು ಬಲ್ಲವರಿಗೆ ಗೊತ್ತೇ ಇದೆ. 29 ಇಂಚಿನ ಟೈರಿಗೆಂದು ಮಾಡಿದ ಆಕ್ಸಲ್‌ಗೆ 35 ಇಂಚಿನ ಟೈರು ಹಾಕಿದಾಗ, ಅದೇ ನೆಲದ ಹಿಡಿತಕ್ಕೆ ಆಕ್ಸಲ್ ಒಳಗಿನ ಶಾಫ್ಟಿನ ಮೇಲೆ ಬೀಳುವ ತಿರುಚುಬಲ ಸುಮಾರು ಐದರಲ್ಲೊಂದು ಪಾಲು ಹೆಚ್ಚುತ್ತದೆ. ಹಳೆಯ ಅರ್ಧ ಟನ್ ಟ್ರಕ್ಕುಗಳಲ್ಲಿ ಸಾಮಾನ್ಯವಾಗಿ ಇರುವುದು ಸೆಮಿ ಫ್ಲೋಟಿಂಗ್ ಆಕ್ಸಲ್. ಅದರಲ್ಲಿ ಚಕ್ರವನ್ನು ತಿರುಗಿಸುವ ಶಾಫ್ಟೇ ವಾಹನದ ಭಾರವನ್ನೂ ಹೊರುತ್ತದೆ. ಆ ಶಾಫ್ಟು ಹಬ್ಬಿನ (ಚಕ್ರ ಕೂರುವ ಭಾಗದ) ಬಳಿ ತುಂಡಾದರೆ ಚಕ್ರವೇ ಹೊರಬರಬಹುದು. ಫುಲ್ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಭಾರವನ್ನು ಹೊರುವುದು ಹೌಸಿಂಗಿನ (ಆಕ್ಸಲ್‌ನ ಹೊರಕವಚದ) ತುದಿಯ ಸ್ಪಿಂಡಲ್ ಮೇಲೆ ಎರಡು ಬೇರಿಂಗುಗಳ ಮೇಲೆ ಕೂತ ಹಬ್ಬು. ಶಾಫ್ಟಿನ ಕೆಲಸ ತಿರುಗಿಸುವುದಷ್ಟೇ. ಚಕ್ರ ನೆಲದ ಮೇಲಿರುವಾಗಲೇ ಶಾಫ್ಟನ್ನು ಹೊರಗೆಳೆದು ನೋಡಬಹುದು. ಟ್ರಕ್ಕು ಭಾರ ಹೊರುವಂಥದ್ದಾದರೆ ನನ್ನ ಮತ ಫುಲ್ ಫ್ಲೋಟಿಂಗ್ ಕಡೆಗೇ.

ಹೆಚ್ಚಾಗಿ ಬಳಕೆಯಲ್ಲಿರುವ ಆಯ್ಕೆಗಳು ಮೂರು. ಫೋರ್ಡ್ ಕಂಪನಿ 1957ರಿಂದ 1986ರವರೆಗೆ ತನ್ನ ವಾಹನಗಳಿಗೆ ಹಾಕಿದ 9 ಇಂಚಿನ ಆಕ್ಸಲ್, 9.75 ಇಂಚಿನ ಕ್ರೌನ್ ವೀಲ್ (ಪಿನಿಯನ್ ತಿರುಗಿಸುವ ದೊಡ್ಡ ಗೇರು) ಇರುವ ಡಾನಾ 60, ಮತ್ತು ಜನರಲ್ ಮೋಟಾರ್ಸ್ 1973ರಿಂದ ತಂದ, 10.5 ಇಂಚಿನ ಕ್ರೌನ್ ವೀಲ್ ಇರುವ 14 ಬೋಲ್ಟಿನ ಫುಲ್ ಫ್ಲೋಟಿಂಗ್ ಆಕ್ಸಲ್. ಇವುಗಳ ಬಲದ ಹೋಲಿಕೆ ಎಲ್ಲೆಡೆ ನಡೆಯುತ್ತದೆ. ಎತ್ತರಿಸಿದ ಟ್ರಕ್ಕಿನವರು ಅದಕ್ಕಿಂತ ಮೊದಲು ನೋಡಬೇಕಾದುದು ಪಿನಿಯನ್ ಎಷ್ಟು ಕೆಳಗೆ ಕೂತಿದೆ ಎಂಬುದನ್ನು. ಫೋರ್ಡಿನ 9 ಇಂಚಿನ ಆಕ್ಸಲ್‌ನಲ್ಲಿ ಪಿನಿಯನ್‌ನ ನಡುರೇಖೆ ಕ್ರೌನ್ ವೀಲಿನ ನಡುರೇಖೆಗಿಂತ ಎರಡು ಇಂಚಿಗೂ ಹೆಚ್ಚು ಕೆಳಗಿರುತ್ತದೆ. ಡಾನಾ 60ರಲ್ಲಿ ಆ ಅಂತರ ಸುಮಾರು ಅದರ ಅರ್ಧ. ಪಿನಿಯನ್ ಕೆಳಗಿದ್ದಷ್ಟೂ ಹಲ್ಲುಗಳ ಸಂಪರ್ಕ ಹೆಚ್ಚಿ ಬಲ ಬರುತ್ತದೆ ನಿಜ, ಆದರೆ ಎತ್ತರಿಸಿದ ವಾಹನದಲ್ಲಿ ಪ್ರೊಪೆಲ್ಲರ್ ಶಾಫ್ಟು ಇನ್ನಷ್ಟು ಕಡಿದಾಗಿ ಇಳಿಯಬೇಕಾಗುತ್ತದೆ. 14 ಬೋಲ್ಟಿನದರಲ್ಲಿ ಪಿನಿಯನ್‌ನ ಒಳತುದಿಗೂ ಒಂದು ಬೇರಿಂಗಿನ ಆಸರೆ ಇದೆ, ಅದು ಬಹಳ ಗಟ್ಟಿ. ಆದರೆ ಅದರ ಹೌಸಿಂಗ್ ದಪ್ಪನಾಗಿ ಕೆಳಗೆ ಜೋತಿರುವುದರಿಂದ, ವಾಹನವನ್ನು ಎತ್ತರಿಸಿ ಪಡೆದ ನೆಲದಂತರದಲ್ಲಿ ಒಂದಿಷ್ಟನ್ನು ಅದೇ ತಿಂದುಬಿಡುತ್ತದೆ.

ಈಗ ಕೋನದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅತಿ ಹೆಚ್ಚು ಕೆಲಸ ಕೆಡುವುದು ಇಲ್ಲಿಯೇ. ಟ್ರಕ್ಕಿನ ಸ್ಪ್ರಿಂಗುಗಳ ಮೂಲಕ ಚಾಸಿಯನ್ನು 100 ಮಿಲಿಮೀಟರ್ ಎತ್ತರಿಸಿದರೆ, 1500 ಮಿಲಿಮೀಟರ್ ಉದ್ದದ ಪ್ರೊಪೆಲ್ಲರ್ ಶಾಫ್ಟಿನ ಇಳಿಜಾರು ಸುಮಾರು 4 ಡಿಗ್ರಿಯಷ್ಟು ಹೆಚ್ಚುತ್ತದೆ. ಶಾಫ್ಟು 750 ಮಿಲಿಮೀಟರಿನದಾದರೆ ಅದೇ ಎತ್ತರಕ್ಕೆ 7 ಡಿಗ್ರಿಗೂ ಮೀರಿ ಹೆಚ್ಚುತ್ತದೆ. ಆದ್ದರಿಂದ ‘ನಾಲ್ಕು ಇಂಚು ಎತ್ತರಿಸಿದ್ದಕ್ಕೆ ಇಷ್ಟು ಡಿಗ್ರಿ’ ಎಂದು ಎಲ್ಲ ಟ್ರಕ್ಕಿಗೂ ಹೊಂದುವ ಲೆಕ್ಕ ಯಾವುದೂ ಇಲ್ಲ. ಉದ್ದನೆಯ ಚಾಸಿಯ ಟ್ರಕ್ಕಿಗೆ ಹೊಂದಿದ ಕೋನ ಗಿಡ್ಡ ಚಾಸಿಯದಕ್ಕೆ ಹೊಂದುವುದಿಲ್ಲ. ಚಾಸಿಯನ್ನು ಹಾಗೆಯೇ ಬಿಟ್ಟು ಕ್ಯಾಬಿನ್ನಿನ ಅಡಿಗೆ ಮಾತ್ರ ದಿಮ್ಮಿ ಕೊಟ್ಟು ಎತ್ತರಿಸಿದ್ದರೆ ಈ ಕೋನ ಬದಲಾಗುವುದೇ ಇಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಶಾಫ್ಟುಗಳನ್ನು ಕೋನದಲ್ಲಿ ಜೋಡಿಸುವ ಸಾಧಾರಣ ಕ್ರಾಸ್ ಜಾಯಿಂಟಿಗೆ ಒಂದು ಗುಣವಿದೆ. ಅದು ಕೋನದಲ್ಲಿ ತಿರುಗುವಾಗ, ಒಳಬರುವ ಶಾಫ್ಟು ಒಂದೇ ಸಮ ವೇಗದಲ್ಲಿ ತಿರುಗುತ್ತಿದ್ದರೂ ಹೊರಹೋಗುವ ಶಾಫ್ಟು ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುಂದೋಡಿ ಎರಡು ಬಾರಿ ಹಿಂದುಳಿಯುತ್ತದೆ. ಕೋನ 3 ಡಿಗ್ರಿ ಇದ್ದಾಗ ಈ ಏರಿಳಿತ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಕೋನ 12 ಡಿಗ್ರಿಯಾದರೆ ಅದು ನೂರಕ್ಕೆ ಎರಡನ್ನು ದಾಟುತ್ತದೆ. ಅಂದರೆ ಕೋನ ನಾಲ್ಕು ಪಟ್ಟಾದರೆ ಏರಿಳಿತ ಸುಮಾರು ಹದಿನಾರು ಪಟ್ಟು. ಶಾಫ್ಟು ನಿಮಿಷಕ್ಕೆ 2400 ಸುತ್ತು ತಿರುಗುವಾಗ ಈ ಎಳೆತ ಸೆಕೆಂಡಿಗೆ 80 ಬಾರಿ ನಡೆಯುತ್ತದೆ, ಅದೇ ಚಾಲಕನ ಸೀಟಿನ ಕೆಳಗೆ ಗುಂಯ್‌ಗುಡುವ ಅದುರು. ಇದನ್ನು ರದ್ದುಮಾಡಲೆಂದೇ ಶಾಫ್ಟಿನ ಎರಡೂ ತುದಿಗೆ ಜಾಯಿಂಟು ಇರುವುದು. ಮುಂದಿನ ಜಾಯಿಂಟು ತಂದ ಏರಿಳಿತವನ್ನು ಹಿಂದಿನದು ಅಳಿಸಬೇಕಾದರೆ ಎರಡೂ ಜಾಯಿಂಟಿನ ಕೋನ ಸಮನಾಗಿರಬೇಕು, ಮತ್ತು ಶಾಫ್ಟಿನ ಎರಡು ತುದಿಯಲ್ಲಿ ಜಾಯಿಂಟನ್ನು ಹಿಡಿಯುವ ಕವಲುಗಳಾದ ಯೋಕ್‌ಗಳು ಒಂದೇ ಸಮತಲದಲ್ಲಿರಬೇಕು. ಶಾಫ್ಟನ್ನು ಬಿಚ್ಚಿ ಮತ್ತೆ ಜೋಡಿಸುವಾಗ ಶಾಫ್ಟಿನ ಎರಡು ಭಾಗ ಒಂದರೊಳಗೊಂದು ಜಾರಿ ಕೂಡುವ ಹಲ್ಲುಗಳ ಜೋಡಣೆಯಲ್ಲಿ, ಅಂದರೆ ಸ್ಪ್ಲೈನಿನಲ್ಲಿ, ಒಂದು ಹಲ್ಲು ಆಚೀಚೆಯಾದರೂ ಈ ಹೊಂದಿಕೆ ಕೆಡುತ್ತದೆ. ಬಿಚ್ಚುವ ಮೊದಲು ಎರಡು ಭಾಗಕ್ಕೂ ಸೇರುವಂತೆ ಬಣ್ಣದ ಗೆರೆ ಎಳೆದಿಡುವುದು ಅರ್ಧ ನಿಮಿಷದ ಕೆಲಸ.

ಜಾಯಿಂಟುಗಳ ತಯಾರಕರು ಬಹುಕಾಲದಿಂದ ಹೇಳುತ್ತ ಬಂದ ಮಿತಿಗಳು ಸರಳವಾಗಿವೆ. ಹೆದ್ದಾರಿಯ ವೇಗಕ್ಕೆ ಪ್ರತಿ ಜಾಯಿಂಟಿನ ಕೋನ 3 ಡಿಗ್ರಿಯ ಆಸುಪಾಸಿನಲ್ಲಿರುವುದು ಒಳ್ಳೆಯದು, ಎರಡು ಜಾಯಿಂಟುಗಳ ನಡುವಿನ ವ್ಯತ್ಯಾಸ 1 ಡಿಗ್ರಿ ಮೀರಬಾರದು, ಮತ್ತು ಯಾವ ಜಾಯಿಂಟಿನ ಕೋನವೂ ಅರ್ಧ ಡಿಗ್ರಿಗಿಂತ ಕಡಿಮೆ ಇರಬಾರದು. ಕೊನೆಯ ಮಾತು ಹಲವರಿಗೆ ವಿಚಿತ್ರವೆನಿಸುತ್ತದೆ. ಕೋನವೇ ಇಲ್ಲದಿದ್ದರೆ ಕ್ಯಾಪಿನೊಳಗಿನ ಸೂಜಿ ರೋಲರುಗಳು ಹೊರಳುವುದಿಲ್ಲ. ಒಂದೇ ಜಾಗದಲ್ಲಿ ಕೂತು ಕ್ರಾಸಿನ ತೋಳಿನ ಮೇಲೆ ಒತ್ತುತ್ತಲೇ ಇರುತ್ತವೆ. ಹಾಗೆ ಓಡಿದ ಜಾಯಿಂಟನ್ನು ಬಿಚ್ಚಿ, ತೋಳನ್ನು ಒರೆಸಿ, ಉಗುರನ್ನು ಅಡ್ಡಲಾಗಿ ಎಳೆದರೆ ರೋಲರುಗಳು ಕೂತಿದ್ದ ಒಂದೊಂದು ಜಾಗದಲ್ಲೂ ಸಣ್ಣ ತೋಡು ತಟ್ಟುತ್ತದೆ. ಗ್ರೀಸು ಚೆನ್ನಾಗಿಯೇ ಇದ್ದರೂ ಆ ಜಾಯಿಂಟು ಮುಗಿದ ಹಾಗೆಯೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗೇರುಪೆಟ್ಟಿಗೆಯ ಹಿಂದೆ ಕೂತು ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟು ಹಿಂಬದಿಗೆ 4 ಡಿಗ್ರಿ ಇಳಿದಿದೆ, ಎತ್ತರಿಸಿದ ಮೇಲೆ ಪ್ರೊಪೆಲ್ಲರ್ ಶಾಫ್ಟು 16 ಡಿಗ್ರಿ ಇಳಿಯುತ್ತಿದೆ ಎಂದುಕೊಳ್ಳಿ. ಮುಂದಿನ ಜಾಯಿಂಟಿನ ಕೋನ ಇವೆರಡರ ವ್ಯತ್ಯಾಸ, ಅಂದರೆ 12 ಡಿಗ್ರಿ. ಪಿನಿಯನ್‌ನ ಮೂತಿಯನ್ನು 4 ಡಿಗ್ರಿ ಮೇಲಕ್ಕೆತ್ತಿ ಟ್ರಾನ್ಸ್‌ಫರ್ ಕೇಸಿಗೆ ಸಮಾಂತರವಾಗಿಟ್ಟರೆ ಹಿಂದಿನ ಜಾಯಿಂಟಿನ ಕೋನವೂ 12 ಡಿಗ್ರಿಯೇ ಆಗುತ್ತದೆ. ಲೆಕ್ಕದಲ್ಲಿ ಏರಿಳಿತ ಪರಸ್ಪರ ಅಳಿಯುತ್ತದೆ. ಆದರೂ ನಡುವಿನ ಶಾಫ್ಟು ಮಾತ್ರ ಆ ಏರಿಳಿತದಲ್ಲೇ ತಿರುಗುತ್ತಿರುತ್ತದೆ, ಅದರ ತೂಕದ ಜಡತ್ವವೇ ಅದುರನ್ನು ತರುತ್ತದೆ, ಸೂಜಿ ರೋಲರುಗಳ ಆಯುಷ್ಯವೂ ಕುಗ್ಗುತ್ತದೆ. ಇಂಥಲ್ಲಿ ಟ್ರಾನ್ಸ್‌ಫರ್ ಕೇಸಿನ ಕಡೆಗೆ ಜೋಡಿ ಕ್ರಾಸಿನ ಜಾಯಿಂಟು ಹಾಕುವುದು ಸರಿಯಾದ ದಾರಿ. ಅದು 12 ಡಿಗ್ರಿಯನ್ನು 6 ಮತ್ತು 6 ಆಗಿ ತನ್ನೊಳಗೇ ಹಂಚಿಕೊಂಡು, ತನ್ನ ಏರಿಳಿತವನ್ನು ತಾನೇ ಅಳಿಸಿಕೊಳ್ಳುತ್ತದೆ. ಆಗ ಪಿನಿಯನ್ ಇನ್ನು ಸಮಾಂತರವಾಗಿರಬಾರದು. ಅದು ಶಾಫ್ಟಿನ ದಿಕ್ಕಿಗೇ ಮುಖ ಮಾಡಬೇಕು, 16ಕ್ಕೆ ಒಂದೆರಡು ಡಿಗ್ರಿ ಕಡಿಮೆ, ಅಂದರೆ 14 ಅಥವಾ 15 ಡಿಗ್ರಿ ಮೇಲಕ್ಕೆ. ಸಾಮಾನ್ಯ ಶಾಫ್ಟು ಮತ್ತು ಜೋಡಿ ಕ್ರಾಸಿನ ಶಾಫ್ಟು, ಇವೆರಡಕ್ಕೆ ಪಿನಿಯನ್ ಕೋನದ ನಿಯಮವೇ ಬೇರೆ. ಸೀಟು ವೆಲ್ಡ್ ಆದ ಮೇಲೆ ಶಾಫ್ಟನ್ನು ಆರಿಸಲು ಹೊರಡುವವರು ಈ ಕಾರಣಕ್ಕಾಗಿಯೇ ಎಲ್ಲವನ್ನೂ ಮತ್ತೆ ಕತ್ತರಿಸಬೇಕಾಗುತ್ತದೆ.

ಆ ಒಂದೆರಡು ಡಿಗ್ರಿಯನ್ನು ಬಿಡುವುದಕ್ಕೂ ಕಾರಣವಿದೆ. ಆಕ್ಸಿಲರೇಟರ್ ಒತ್ತಿದಾಗ ಚಕ್ರಗಳು ಮುಂದಕ್ಕೆ ತಿರುಗುತ್ತವೆ, ಅದಕ್ಕೆ ಪ್ರತಿಯಾಗಿ ಹೌಸಿಂಗ್ ಹಿಂದಕ್ಕೆ ತಿರುಗಲು ಎಳೆಯುತ್ತದೆ, ಲೀಫ್ ಸ್ಪ್ರಿಂಗಿನ ಪಟ್ಟಿಗಳು ಎಸ್ ಆಕಾರದಲ್ಲಿ ಬಾಗಿ ಪಿನಿಯನ್‌ನ ಮೂತಿ ಮೇಲೇಳುತ್ತದೆ. ಬ್ರೇಕ್ ಹಾಕಿದಾಗ ಅದೇ ಮೂತಿ ಕೆಳಗೆ ಬಾಗುತ್ತದೆ. ನಿಂತಾಗ ಸ್ವಲ್ಪ ಕೆಳಗಿಟ್ಟ ಪಿನಿಯನ್ ಎಳೆಯುವಾಗ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಎತ್ತರಕ್ಕಾಗಿ ಸ್ಪ್ರಿಂಗು ಮತ್ತು ಆಕ್ಸಲ್ ನಡುವೆ ದಪ್ಪ ಬ್ಲಾಕುಗಳನ್ನು ಇಟ್ಟಿದ್ದರೆ ಈ ತಿರುಚು ಇನ್ನೂ ಹೆಚ್ಚು, ಏಕೆಂದರೆ ಬ್ಲಾಕು ಎತ್ತರವಾದಷ್ಟೂ ಆಕ್ಸಲ್‌ಗೆ ಸ್ಪ್ರಿಂಗನ್ನು ತಿರುಚುವ ಸನ್ನೆ ಉದ್ದವಾಗುತ್ತದೆ. ಬ್ಲಾಕಿನ ಮೇಲೆ ಬ್ಲಾಕು ಪೇರಿಸುವುದನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಎತ್ತರ ಬೇಕಿದ್ದರೆ ಸರಿಯಾದ ಬಾಗುವಿಕೆಯ ಸ್ಪ್ರಿಂಗನ್ನೇ ಮಾಡಿಸಬೇಕು. ಶಕ್ತಿಶಾಲಿ ಎಂಜಿನ್ ಇದ್ದರೆ ಆಕ್ಸಲ್‌ನಿಂದ ಚಾಸಿಗೆ ತಿರುಚು ತಡೆಯುವ ಸರಳು ಕಟ್ಟಬೇಕು.

ಅಳೆಯುವ ಕ್ರಮದಲ್ಲಿ ಕಷ್ಟವೇನೂ ಇಲ್ಲ. ಟ್ರಕ್ಕಿನಲ್ಲಿ ದಿನನಿತ್ಯ ಇರುವಷ್ಟು ಇಂಧನ, ಸ್ಟೆಪ್ನಿ, ಉಪಕರಣಗಳು, ಹೊರುವ ಭಾರ ಇದ್ದರೆ ಅದೂ ಸೇರಿ, ಎಲ್ಲವೂ ಇರಲಿ. ಟೈರುಗಳು ಹಾಕಬೇಕೆಂದಿರುವವೇ ಆಗಿರಲಿ. ಚಾಸಿಯನ್ನು ಜಾಕ್‌ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಆಕ್ಸಲ್ ಜೋತಾಡುವ ಸ್ಥಿತಿಯಲ್ಲಿ ಕೋನ ನೋಡಿದರೆ ಆ ಅಂಕಿಗೆ ಬೆಲೆಯಿಲ್ಲ, ಏಕೆಂದರೆ ಸ್ಪ್ರಿಂಗು ಅದುಮಿದಾಗ ಎಲ್ಲವೂ ಬದಲಾಗುತ್ತದೆ. ಟ್ರಕ್ಕನ್ನು ಒಂದೆರಡು ಬಾರಿ ಹಿಂದೆ ಮುಂದೆ ಉರುಳಿಸಿ ಸ್ಪ್ರಿಂಗು ತನ್ನ ಜಾಗಕ್ಕೆ ಕೂರುವಂತೆ ಮಾಡಿ. ಆಮೇಲೆ ಕೋನಮಾಪಕವನ್ನು ಟ್ರಾನ್ಸ್‌ಫರ್ ಕೇಸಿನ ಯೋಕ್‌ನ ಮೇಲೆ, ಶಾಫ್ಟಿನ ಕೊಳವೆಯ ಮೇಲೆ, ಪಿನಿಯನ್ ಯೋಕ್‌ನ ಮೇಲೆ ಒಂದಾದ ಮೇಲೊಂದರಂತೆ ಇಟ್ಟು ಓದಬೇಕು. ಇಡುವ ಜಾಗ ಲೇತಿನಲ್ಲಿ ಕಡೆದ ನುಣುಪು ಮುಖವಾಗಿರಬೇಕು. ತುಕ್ಕು, ಬಣ್ಣ, ಎರಕದ ಒರಟು ಇದ್ದರೆ ಕೆರೆದು ತೆಗೆಯಬೇಕು. ನೆಲ ಸ್ವಲ್ಪ ಓರೆಯಿದ್ದರೂ ಚಿಂತೆಯಿಲ್ಲ, ನಮಗೆ ಬೇಕಾದುದು ಈ ಮೂರರ ನಡುವಿನ ವ್ಯತ್ಯಾಸ. ಆದರೆ ಮೂರನ್ನೂ ಓದಿ ಮುಗಿಯುವವರೆಗೆ ಟ್ರಕ್ಕು ಕದಲಬಾರದು. ಮೇಲಿನಿಂದ ನೋಡಿದಾಗ ಟ್ರಾನ್ಸ್‌ಫರ್ ಕೇಸಿನ ಹೊರತುದಿಯೂ ಪಿನಿಯನ್ನೂ ಒಂದೇ ನೇರದಲ್ಲಿರದೆ ಶಾಫ್ಟು ಪಕ್ಕಕ್ಕೂ ಓರೆಯಾಗಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಮೇಲು ಕೆಳಗಿನ ಕೋನ 8 ಡಿಗ್ರಿ, ಪಕ್ಕದ ಕೋನ 6 ಡಿಗ್ರಿ ಇದ್ದರೆ ಜಾಯಿಂಟು ನಿಜವಾಗಿ ಕೆಲಸ ಮಾಡುವುದು ಸುಮಾರು 10 ಡಿಗ್ರಿಯಲ್ಲಿ.

ಸೀಟುಗಳನ್ನು ಮೊದಲು ವೆಲ್ಡ್ ಮಾಡದೆ, ಆಕ್ಸಲನ್ನು ಸ್ಪ್ರಿಂಗಿಗೆ ಕಟ್ಟುವ ಯು ಬೋಲ್ಟನ್ನು ಹೌಸಿಂಗ್ ತಿರುಗುವಷ್ಟು ಮಾತ್ರ ಬಿಗಿದು, ಹೌಸಿಂಗನ್ನು ಅದರೊಳಗೆ ತಿರುಗಿಸಿ ಬೇಕಾದ ಕೋನಕ್ಕೆ ತರಬೇಕು. ಆಕ್ಸಲ್ ಚಾಸಿಗೆ ಚೌಕವಾಗಿ ಕೂತಿದೆಯೇ ಎಂದು ಇದೇ ಹಂತದಲ್ಲಿ ನೋಡಬೇಕು: ಚಾಸಿಯ ಎಡ ಬಲದ ಒಂದೇ ಬಗೆಯ ಎರಡು ರಂಧ್ರಗಳಿಂದ ಆಕ್ಸಲ್‌ನ ಎರಡು ತುದಿಗೆ ನೇರವಾಗಿಯೂ ಅಡ್ಡಡ್ಡಲಾಗಿಯೂ ಟೇಪು ಹಿಡಿದು ಎರಡು ಬದಿ ತಾಳೆಯಾಗಬೇಕು. ಆಕ್ಸಲ್ ಓರೆ ಕೂತ ಟ್ರಕ್ಕು ನೇರ ರಸ್ತೆಯಲ್ಲೂ ಪಕ್ಕಕ್ಕೆ ಜಾರುತ್ತ ಓಡುತ್ತದೆ, ಸ್ಟಿಯರಿಂಗ್ ಸದಾ ಒಂದು ಕಡೆ ತಿರುಗಿಸಿ ಹಿಡಿಯಬೇಕಾಗುತ್ತದೆ. ಎಲ್ಲವೂ ಸರಿಬಂದಾಗ ನಾಲ್ಕು ಕಡೆ ಟ್ಯಾಕ್ (ಚಿಕ್ಕ ತಾತ್ಕಾಲಿಕ ವೆಲ್ಡ್) ಹೊಡೆದು, ಯು ಬೋಲ್ಟ್ ಬಿಚ್ಚಿ, ಆಕ್ಸಲ್ ಹೊರತೆಗೆದು, ಶಾಫ್ಟುಗಳನ್ನೂ ಬೇರಿಂಗುಗಳನ್ನೂ ಕಳಚಿ, ಆಮೇಲೆ ಪೂರ್ತಿ ವೆಲ್ಡ್ ಮಾಡಬೇಕು.

ವೆಲ್ಡಿಂಗ್ ಮಾಡುವವರಲ್ಲಿ ಎರಡು ವಿನಂತಿ. ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಕಚ್ಚಿಸಿ; ವಿದ್ಯುತ್ತು ಬೇರಿಂಗಿನ ಮೂಲಕ ಹಾದರೆ ಅದರ ಮುಖದ ಮೇಲೆ ಕಿಡಿಯ ಚುಕ್ಕಿಗಳು ಬೀಳುತ್ತವೆ. ಎರಡನೆಯದಾಗಿ, ಒಂದೇ ಉಸಿರಿಗೆ ಉದ್ದಕ್ಕೂ ಎಳೆಯದೆ ಸಣ್ಣ ಸಣ್ಣ ತುಂಡುಗಳಾಗಿ, ಎಡ ಬಲ, ಮುಂದೆ ಹಿಂದೆ ಬದಲಾಯಿಸುತ್ತ, ನಡುನಡುವೆ ತಣಿಯಲು ಬಿಟ್ಟು ಹಾಕಿ. ಕೊಳವೆಯ ಮೇಲ್ಭಾಗದಲ್ಲಿ ಮಾತ್ರ ಬಿದ್ದ ಕಾವು ತಣಿದು ಕುಗ್ಗುವಾಗ ಕೊಳವೆಯನ್ನೇ ಬಾಗಿಸುತ್ತದೆ. ಒಂದು ಮಿಲಿಮೀಟರಿನ ಬಾಗು ಕಣ್ಣಿಗೆ ಕಾಣದಿದ್ದರೂ ಸೀಲು ಸೋರುವುದು, ಬೇರಿಂಗು ಸವೆಯುವುದು ಅದರಿಂದಲೇ. ನಡುವಿನ ಎರಕದ ಭಾಗಕ್ಕೆ ಉಕ್ಕಿನ ಕೊಳವೆಯಂತೆ ವೆಲ್ಡ್ ಹಾಕಲು ಹೋಗಬಾರದು. ಎರಕದ ಕಬ್ಬಿಣಕ್ಕೆ ಬೇರೆ ರಾಡು, ಬೇರೆ ಕಾವು, ಬೇರೆ ಕೈ ಬೇಕು. ಸ್ಪ್ರಿಂಗಿನ ಸೆಂಟರ್ ಬೋಲ್ಟಿನ ತಲೆ ಸೀಟಿನ ರಂಧ್ರದಲ್ಲಿ ಆಟವಿಲ್ಲದೆ ಕೂರಬೇಕು. ಯು ಬೋಲ್ಟುಗಳು ಹೊಸವೇ ಆಗಿರಬೇಕು. ಒಮ್ಮೆ ಬಿಗಿದು ಎಳೆದ ಬೋಲ್ಟು ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ಮೊದಲ ನೂರೈವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ (ಬಿಗಿತ) ನೋಡಲೇಬೇಕು.

ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಇದೆಲ್ಲ ಮುಗಿದ ಮೇಲೆ, ಮತ್ತೆ ಟ್ರಕ್ಕು ಚಕ್ರದ ಮೇಲೆ ನಿಂತಾಗ ಅಳೆಯಬೇಕು. ಸ್ಪ್ರಿಂಗು ಪೂರ್ತಿ ಅದುಮಿದಾಗ ಜಾರುವ ಸ್ಪ್ಲೈನು ತಳಕ್ಕೆ ತಾಗದಂತೆ ಸುಮಾರು 25 ಮಿಲಿಮೀಟರ್ ಜಾಗ ಉಳಿದಿರಬೇಕು, ಪೂರ್ತಿ ಜೋತಾಗ ಸ್ಪ್ಲೈನಿನ ಸಾಕಷ್ಟು ಭಾಗ ಒಳಗೇ ಇರಬೇಕು. ಒಂದು ಬದಿಯನ್ನು ಜಾಕಿನಿಂದ ಎತ್ತಿ ಇನ್ನೊಂದನ್ನು ಜೋತುಬಿಟ್ಟು ಎರಡೂ ಕೊನೆಗಳನ್ನು ಕಣ್ಣಾರೆ ನೋಡಿದರೆ, ಬ್ರೇಕ್ ಹೋಸು ಎಳೆಯುತ್ತಿದೆಯೇ, ಶಾಕ್ ಅಬ್ಸಾರ್ಬರ್ ತನ್ನ ಉದ್ದ ಮೀರಿದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ.

ಗೇರು ಅನುಪಾತದ, ಅಂದರೆ ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತು ತಿರುಗುತ್ತದೆ ಎಂಬುದರ, ವಿಷಯ ಚಿಕ್ಕದು. 29 ಇಂಚಿನ ಟೈರಿಗೆ 3.73 ಅನುಪಾತವಿದ್ದ ಟ್ರಕ್ಕಿಗೆ 35 ಇಂಚಿನ ಟೈರು ಹಾಕಿದರೆ ಹಳೆಯ ಎಳೆತ ಮರಳಲು 4.50 ಬೇಕು, ಸಿಗುವುದರಲ್ಲಿ ಹತ್ತಿರದ್ದು 4.56. ಸ್ಪೀಡೋಮೀಟರಿನ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುತ್ತಿದ್ದರೆ ಅದರ ತಪ್ಪೂ ಇದರಿಂದಲೇ ಬಹುತೇಕ ಸರಿಹೋಗುತ್ತದೆ. ನಾಲ್ಕು ಚಕ್ರಕ್ಕೂ ಬಲ ಹೋಗುವ ಟ್ರಕ್ಕಾಗಿದ್ದರೆ ಮುಂದಿನ ಆಕ್ಸಲ್‌ನ ಅನುಪಾತವೂ ಅದೇ ಆಗಿರಬೇಕು. ಹಿಂದಿನದನ್ನು ಮಾತ್ರ ಬದಲಿಸಿ, ‘ಮುಂದಿನದು ಆಮೇಲೆ ಮಾಡಿದರಾಯಿತು’ ಎಂದು ಬಿಟ್ಟವರು ಫೋರ್ ವೀಲ್ ಲಿವರನ್ನು ಅಲ್ಲಿಯವರೆಗೆ ಮುಟ್ಟಬಾರದು.

ಬ್ರೇಕಿನ ಬಗ್ಗೆ ಮಾತ್ರ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಟೈರು ದೊಡ್ಡದಾದ ಮೇಲೆ ಅದೇ ದೂರದಲ್ಲಿ ನಿಲ್ಲಲು ಬ್ರೇಕಿನ ಬಲವೂ ಐದರಲ್ಲೊಂದು ಪಾಲು ಹೆಚ್ಚು ಬೇಕು. ಹಳೆಯ ಡ್ರಮ್ಮಿನ ಜಾಗಕ್ಕೆ ಡಿಸ್ಕ್ ಇರುವ ಆಕ್ಸಲ್ ಬಂದರೆ ಮಾಸ್ಟರ್ ಸಿಲಿಂಡರಿನ ಕಡೆಗೂ ಗಮನ ಹೋಗಬೇಕು: ಡ್ರಮ್ಮಿಗೆಂದು ಕೊಳವೆಯಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ವಾಲ್ವು ಹಾಗೆಯೇ ಉಳಿದರೆ ಡಿಸ್ಕಿನ ಪ್ಯಾಡುಗಳು ಸದಾ ಉಜ್ಜುತ್ತ ಕಾಯುತ್ತವೆ. ಹಲವು ಹಳೆಯ ಟ್ರಕ್ಕುಗಳಲ್ಲಿ ಹಿಂಬದಿಯ ಭಾರಕ್ಕೆ ತಕ್ಕಂತೆ ಬ್ರೇಕ್ ಒತ್ತಡ ಹಂಚುವ ವಾಲ್ವು ಇರುತ್ತದೆ; ಚಾಸಿಗೂ ಆಕ್ಸಲ್‌ಗೂ ನಡುವೆ ಒಂದು ಸರಳಿನಿಂದ ಅದು ಅಂತರವನ್ನು ಅಳೆಯುತ್ತದೆ. ಟ್ರಕ್ಕನ್ನು ಎತ್ತರಿಸಿದಾಗ ಆ ಅಂತರ ಹೆಚ್ಚಿ, ಹಿಂಬದಿ ಖಾಲಿಯಿದೆ ಎಂದೇ ಆ ವಾಲ್ವು ತಿಳಿಯುತ್ತದೆ, ಹಿಂದಿನ ಚಕ್ರಗಳಿಗೆ ಹೋಗುವ ಒತ್ತಡವನ್ನು ಕಡಿತಗೊಳಿಸುತ್ತದೆ. ಸರಳಿನ ಆಧಾರವನ್ನು ಎತ್ತರಿಸಿದಷ್ಟೇ ಸರಿಸಿ ಕೂರಿಸಿದರೆ ಈ ದೋಷ ಹೋಗುತ್ತದೆ, ಆದರೆ ಅದರ ಕಡೆ ನೋಡುವವರು ಕಡಿಮೆ. ಹ್ಯಾಂಡ್ ಬ್ರೇಕನ್ನು ಕೈಬಿಟ್ಟು ಡಿಸ್ಕ್ ಹಾಕಿದ ಆಕ್ಸಲ್‌ಗಳನ್ನು ‘ಕೆಲಸ ಮುಗಿದಿದೆ’ ಎಂದು ಒಪ್ಪಿಸುವುದು ನನ್ನ ದೃಷ್ಟಿಯಲ್ಲಿ ಕ್ಷಮಿಸುವಂಥದ್ದಲ್ಲ. ಇಳಿಜಾರಿನಲ್ಲಿ ನಿಂತ ಎರಡು ಟನ್ನಿನ ವಾಹನವನ್ನು ಗೇರಿನ ಹಲ್ಲಿನ ನಂಬಿಕೆಯ ಮೇಲೆ ಬಿಟ್ಟು ಹೋಗುವುದು ಅಕ್ಕಪಕ್ಕದವರ ಜೀವದ ಪ್ರಶ್ನೆ.

ಪಿನಿಯನ್‌ನ ಮೂತಿಯನ್ನು ಬಹಳ ಮೇಲಕ್ಕೆ ತಿರುಗಿಸಿದ್ದರೆ ಎಣ್ಣೆಯ ಮಟ್ಟವೂ ಬದಲಾಗುತ್ತದೆ. ಎಣ್ಣೆ ತುಂಬುವ ರಂಧ್ರ ಈಗ ಕಾರ್ಖಾನೆ ಇಟ್ಟ ಎತ್ತರದಲ್ಲಿಲ್ಲ; ಅದರ ಅಂಚಿನವರೆಗೆ ತುಂಬಿದರೂ ಪಿನಿಯನ್‌ನ ಮುಂದಿನ ಬೇರಿಂಗಿಗೆ ಎಣ್ಣೆ ತಲುಪದೆ ಹೋಗಬಹುದು. ಪಿನಿಯನ್ ನಡುರೇಖೆಗಿಂತ ಕೆಳಗೆ ಕೂಡುವ ಇಂಥ ಹೈಪಾಯಿಡ್ ಹಲ್ಲುಗಳಿಗೆ ಜಿಎಲ್ 5 ದರ್ಜೆಯ ಎಣ್ಣೆಯೇ ಬೇಕು, ಮತ್ತು ಎಷ್ಟು ತುಂಬಬೇಕೆಂಬುದನ್ನು ಹೊಸ ಕೋನಕ್ಕೆ ತಕ್ಕಂತೆ ನಿಗದಿ ಮಾಡಬೇಕು. ಹೌಸಿಂಗಿನ ಉಸಿರುಕೊಳವೆಯನ್ನು ಚಾಸಿಯ ಮೇಲ್ಭಾಗದವರೆಗೆ ಎಳೆದರೆ ಕಾದ ಗಾಳಿ ಸೀಲನ್ನು ತಳ್ಳುವುದಿಲ್ಲ, ನೀರೂ ಒಳಸೇರುವುದಿಲ್ಲ.

ಮೊದಲ ಓಟದಲ್ಲಿ ಅದುರು ಬಂದರೆ ಅದು ಯಾವಾಗ ಬರುತ್ತದೆ ಎಂದು ಗಮನಿಸಿದರೆ ಕಾರಣ ಹುಡುಕುವುದು ಸುಲಭ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಒಂದೇ ವೇಗಕ್ಕೆ ಬರುವ ಅದುರು ಸಾಮಾನ್ಯವಾಗಿ ಶಾಫ್ಟಿನದೋ ಟೈರಿನದೋ ಸಮತೋಲದ ದೋಷ. ಒತ್ತಿದಾಗ ಬಂದು ಬಿಟ್ಟಾಗ ಹೋಗುವುದು, ಅಥವಾ ಅದಕ್ಕೆ ತದ್ವಿರುದ್ಧವಾದುದು, ಬಹುಮಟ್ಟಿಗೆ ಕೋನದ್ದು. ಪಿನಿಯನ್ ಏಳುವಾಗ ಅಥವಾ ಬಾಗುವಾಗ ಹೊಂದಿಕೆ ತಪ್ಪುತ್ತಿದೆ ಎಂದರ್ಥ. ಒಂದೆರಡು ಡಿಗ್ರಿಯ ಕೊರತೆಯನ್ನು ಸ್ಪ್ರಿಂಗು ಮತ್ತು ಸೀಟಿನ ನಡುವೆ ಉಕ್ಕಿನ ಓರೆ ಪಟ್ಟಿ ಇಟ್ಟು ಸರಿಪಡಿಸಬಹುದು. ಅಲ್ಯೂಮಿನಿಯಂ ಪಟ್ಟಿಗಳು ಅದುಮಿ ಸವೆದು ಯು ಬೋಲ್ಟನ್ನು ಸಡಿಲಿಸುತ್ತವೆ, ಅವು ಬೇಡ. ಹೊಸ ಸ್ಪ್ರಿಂಗುಗಳು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸ್ವಲ್ಪ ಕೂರುವುದರಿಂದ ಅಳತೆಯನ್ನು ಆಗ ಇನ್ನೊಮ್ಮೆ ತೆಗೆಯಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ಆಕ್ಸಲ್ ಬದಲಿಸಿದ ಟ್ರಕ್ಕಿನ ಬಗ್ಗೆ ಲೇಖನ ಪ್ರಕಟಿಸುವಾಗ ಟೈರಿನ ಇಂಚುಗಳ ಜೊತೆಗೆ ಮೂರು ಕೋನಗಳನ್ನೂ, ಗೇರು ಅನುಪಾತವನ್ನೂ, ಹ್ಯಾಂಡ್ ಬ್ರೇಕ್ ಇದೆಯೇ ಎಂಬುದನ್ನೂ ಕೇಳಿ ಬರೆಯುವಂತೆ ತಮ್ಮ ಬರಹಗಾರರಿಗೆ ತಿಳಿಸಿ. ಗ್ಯಾರೇಜಿನವರು ಬಿಲ್ಲಿನ ಜೊತೆಗೆ ಒಂದು ಚೀಟಿಯಲ್ಲಿ ಟ್ರಾನ್ಸ್‌ಫರ್ ಕೇಸಿನ ಕೋನ, ಶಾಫ್ಟಿನ ಕೋನ, ಪಿನಿಯನ್ ಕೋನ, ಆ ಅಳತೆ ತೆಗೆದಾಗ ಟ್ರಕ್ಕಿನಲ್ಲಿದ್ದ ಭಾರ, ಯು ಬೋಲ್ಟಿನ ಟಾರ್ಕ್, ತುಂಬಿದ ಎಣ್ಣೆಯ ಪ್ರಮಾಣ ಇಷ್ಟನ್ನು ಬರೆದುಕೊಡಲಿ. ಮುಂದೆ ಜಾಯಿಂಟು ಬದಲಿಸುವವರಿಗೆ, ಸ್ಪ್ರಿಂಗು ಮಾಡುವವರಿಗೆ, ಆ ಟ್ರಕ್ಕನ್ನು ಕೊಂಡುಕೊಳ್ಳುವವರಿಗೆ ಆ ಚೀಟಿಯೇ ಮೊದಲ ಆಧಾರ. ಟ್ಯಾಕ್ ಹೊಡೆದ ದಿನ ಕೋನಮಾಪಕವನ್ನು ತಮ್ಮ ಎದುರಿಗೇ ಇಟ್ಟು ತೋರಿಸುವಂತೆ ಮಾಲೀಕರೂ ಕೇಳಬೇಕು; ತೋರಿಸುವವರೆಗೆ ಪೂರ್ತಿ ವೆಲ್ಡಿಂಗ್‌ಗೆ ಒಪ್ಪಿಗೆ ಕೊಡಬಾರದು.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಟ್ರಕ್ಕುಗಳ ಕೆಲಸದಲ್ಲಿ ತೊಡಗಿರುವ ಓದುಗ